ತೊಟ್ಟು ಬಿಟ್ಟ ಬಟ್ಟೆ, ತೊಟ್ಟು ತೋರಿಸುವ ಕಲೆ

ಶಾಲಾ ಕಾಲೇಜುಗಳ ವಾರ್ಷಿಕೋತ್ಸವ ಬಂತೆಂದರೆ ‘ಕಸದಿಂದ ರಸ’ ಸ್ಪರ್ಧೆಯೂ ಬರುತ್ತದೆ. ಹಳೆಯ ಸೀರೆಯಿಂದ ಕೈಚೀಲ, ಹರಿದ ಜೀನ್ಸ್ ಪ್ಯಾಂಟಿನಿಂದ ಪೆನ್ನಿನ ಸಂಚಿ, ದರ್ಜಿಯ ಅಂಗಡಿಯ ಚಿಂದಿಯಿಂದ ಕಾಲೊರಸು ಮುಂತಾದವುಗಳನ್ನು ವಿದ್ಯಾರ್ಥಿಗಳು ಅಚ್ಚುಕಟ್ಟಾಗಿ ಮಾಡಿ ತರುತ್ತಾರೆ. ಕೈಚಳಕಕ್ಕೆ ಬಹುಮಾನವೂ ದೊರೆಯುತ್ತದೆ. ಇದು ಒಳ್ಳೆಯ ಅಭ್ಯಾಸವೇ. ಆದರೆ ಆ ಮೇಜಿನ ಮುಂದೆ ನಿಂತವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ. ಬಟ್ಟೆ ಇನ್ನೂ ಗಟ್ಟಿಯಾಗಿರುವಾಗಲೇ, ಬಣ್ಣ ಮಾಸುವ ಮೊದಲೇ ಅದು ಕಸವಾದದ್ದು ಹೇಗೆ?

ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಹಲವೆಡೆ ಕೆಲವು ಕಲಾವಿದರೂ ವಸ್ತ್ರವಿನ್ಯಾಸಕರೂ ಈ ಪ್ರಶ್ನೆಯನ್ನು ಬಟ್ಟೆಯ ಮೂಲಕವೇ ಕೇಳತೊಡಗಿದ್ದಾರೆ. ಜನ ತೊಟ್ಟು ಬಿಟ್ಟ ಉಡುಪುಗಳನ್ನು ಆರಿಸಿ, ಕತ್ತರಿಸಿ, ಮತ್ತೆ ಹೊಲಿದು, ಮನುಷ್ಯರ ಮೈಗೆ ತೊಡಿಸಿ ಎಲ್ಲರೆದುರು ನಿಲ್ಲಿಸುತ್ತಾರೆ. ‘ಫಾಸ್ಟ್ ಫ್ಯಾಷನ್’ ಎಂದು ಹೆಸರಾದ ಉಡುಪಿನ ವ್ಯಾಪಾರಕ್ಕೆ ಇದು ಅವರ ಟೀಕೆ. ಈ ಕಲೆ ಏನು ಹೇಳುತ್ತದೆ, ಅದರ ಬಲ ಎಲ್ಲಿದೆ, ಮಿತಿ ಏನು ಎಂಬುದನ್ನು ಇಲ್ಲಿ ನೋಡೋಣ.

ಧರಿಸುವ ಕಲೆ ಎಂದರೇನು?

ನಾವು ದಿನವೂ ತೊಡುವ ಅಂಗಿ ಮೈಯನ್ನು ಮುಚ್ಚುತ್ತದೆ, ಚಳಿ ಬಿಸಿಲುಗಳಿಂದ ಕಾಪಾಡುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ. ಯಕ್ಷಗಾನದ ವೇಷದ ಕೆಲಸ ಬೇರೆ. ಕಿರೀಟ, ಎದೆಕಟ್ಟು, ಮುಖವರ್ಣಿಕೆಗಳನ್ನು ಕಂಡೊಡನೆ ರಂಗಕ್ಕೆ ಬಂದವನು ಅರಸನೋ ರಾಕ್ಷಸನೋ ಎಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ಧರಿಸುವ ಕಲೆ ಇವೆರಡಕ್ಕೂ ತುಸು ಭಿನ್ನವಾದುದು. ಚಿತ್ರಕಾರ ಕ್ಯಾನ್ವಾಸನ್ನು ಬಳಸುವಂತೆ ಇಲ್ಲಿ ಕಲಾವಿದ ಉಡುಪನ್ನು ಬಳಸುತ್ತಾನೆ. ಗೋಡೆಗೆ ತೂಗುಹಾಕಿದಾಗ ಈ ಕೃತಿ ಅರ್ಧ ಮಾತ್ರ. ಯಾರಾದರೂ ತೊಟ್ಟು ನಡೆದಾಗ ಅದು ಪೂರ್ಣವಾಗುತ್ತದೆ.

ಬ್ರೆಜಿಲಿನ ಕಲಾವಿದ ಹೆಲಿಯೊ ಓಯ್ಟಿಸಿಕ 1964ರಿಂದ ‘ಪರಂಗೊಲೆ’ ಎಂಬ ಹೊದಿಕೆಗಳನ್ನು ರಚಿಸಿದರು. ಬಟ್ಟೆ, ಪ್ಲಾಸ್ಟಿಕ್, ಗೋಣಿತಟ್ಟುಗಳಂಥ ಅಗ್ಗದ ವಸ್ತುಗಳನ್ನು ಕೂಡಿಸಿದ ಆ ಹೊದಿಕೆಗಳನ್ನು ತೊಟ್ಟು ಕುಣಿಯಬೇಕಿತ್ತು. 1965ರಲ್ಲಿ ರಿಯೊ ಡಿ ಜನೈರೊದ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅವುಗಳನ್ನು ತೊಟ್ಟು ಬಂದ ಬಡ ಬಡಾವಣೆಯ ಸಾಂಬಾ ನರ್ತಕರನ್ನು ಒಳಗೆ ಬಿಡಲಿಲ್ಲ. ಅವರು ಹೊರಗೇ ಕುಣಿದರು. ಗೋಡೆಯ ಮೇಲಿನ ಚಿತ್ರವಾಗಿದ್ದರೆ ಇಂಥ ಘಟನೆ ನಡೆಯುತ್ತಿರಲಿಲ್ಲ. ಕಲೆಯನ್ನು ತೊಟ್ಟವರು ಯಾರು ಎಂಬುದೂ ಕಲೆಯ ಭಾಗವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಮೆರಿಕದ ನಿಕ್ ಕೇವ್ 1992ರಲ್ಲಿ ತಮ್ಮ ಮೊದಲ ‘ಸೌಂಡ್‌ಸೂಟ್’ ಅನ್ನು ಒಣಕಡ್ಡಿಗಳಿಂದ ಮಾಡಿದರು. 1991ರಲ್ಲಿ ಲಾಸ್ ಏಂಜಲಿಸ್ ನಗರದ ಪೊಲೀಸರು ರಾಡ್ನಿ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಥಳಿಸಿದ ಘಟನೆ ಅದಕ್ಕೆ ಪ್ರೇರಣೆ. ಮೈಯನ್ನು ಪೂರ್ತಿ ಮುಚ್ಚುವ ಆ ಉಡುಪಿನೊಳಗೆ ಇರುವವರ ಬಣ್ಣ, ಲಿಂಗ, ಅಂತಸ್ತು ಯಾವುದೂ ತಿಳಿಯುವುದಿಲ್ಲ. ಮುಂದೆ ಅವರು ಇಂಥ ಉಡುಪುಗಳಿಗೆ ಜನ ಬಿಟ್ಟ ಬಟ್ಟೆ, ಆಟಿಕೆ, ಮಣಿಗಳನ್ನು ಬಳಸಿದರು. ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದಲ್ಲಿ 1987ರಲ್ಲಿ ಸಣ್ಣದಾಗಿ ಆರಂಭವಾದ ಧರಿಸುವ ಕಲೆಯ ಪ್ರದರ್ಶನ ಇಂದು ವೆಲ್ಲಿಂಗ್ಟನ್‌ನಲ್ಲಿ ನಡೆಯುವ ದೊಡ್ಡ ಸ್ಪರ್ಧೆಯಾಗಿದೆ. ಒಟ್ಟಿನಲ್ಲಿ, ಉಡುಪಿನ ಮೂಲಕ ಸಮಾಜದೊಂದಿಗೆ ಮಾತನಾಡುವ ಮಾರ್ಗ ಮೊದಲೇ ಸಿದ್ಧವಾಗಿತ್ತು. ಫಾಸ್ಟ್ ಫ್ಯಾಷನ್ ಬೆಳೆದಂತೆ ಆ ಮಾರ್ಗಕ್ಕೆ ಹೊಸ ವಿಷಯ ದೊರೆಯಿತು.

ವೇಗದ ಲೆಕ್ಕ

ಯುಗಾದಿಗೋ ದೀಪಾವಳಿಗೋ ಬಟ್ಟೆ ಕೊಂಡು, ದರ್ಜಿಗೆ ಅಳತೆ ಕೊಟ್ಟು, ಹಬ್ಬದ ಹಿಂದಿನ ದಿನದವರೆಗೂ ಅವನ ಅಂಗಡಿಗೆ ಅಲೆಯುವುದು ನಮ್ಮ ಅನೇಕ ಮನೆಗಳ ಪದ್ಧತಿಯಾಗಿತ್ತು. ಪಾಶ್ಚಾತ್ಯ ದೇಶಗಳ ಸಿದ್ಧ ಉಡುಪಿನ ಅಂಗಡಿಗಳು ಕೂಡ ಹಿಂದೆ ಮುಖ್ಯವಾಗಿ ಬೇಸಿಗೆ, ಚಳಿಗಾಲ ಎಂಬ ಎರಡು ಋತುಗಳನ್ನು ಅನುಸರಿಸುತ್ತಿದ್ದವು. ಫಾಸ್ಟ್ ಫ್ಯಾಷನ್ ಈ ಕಾಲಚಕ್ರವನ್ನು ವಾರಗಳಿಗೆ ಇಳಿಸಿತು.

ಸ್ಪೇನಿನ ‘ಝಾರಾ’ 1975ರಲ್ಲಿ ಲಾ ಕೊರುನ್ಯ ಪಟ್ಟಣದಲ್ಲಿ ಮೊದಲ ಅಂಗಡಿ ತೆರೆಯಿತು. 1989ರಲ್ಲಿ ಅದು ನ್ಯೂಯಾರ್ಕಿಗೆ ಕಾಲಿಟ್ಟಾಗ, ವಿನ್ಯಾಸಕಾರನ ಮನಸ್ಸಿನಲ್ಲಿ ಹುಟ್ಟಿದ ಉಡುಪು ಅಂಗಡಿಯ ಹ್ಯಾಂಗರಿಗೆ ಬರಲು 15 ದಿನ ಸಾಕು ಎಂಬುದು ಪತ್ರಿಕೆಯಲ್ಲಿ ವಿಶೇಷ ಸುದ್ದಿಯಾಯಿತು. ಅಂಗಡಿಗೆ ಸದಾ ಹೊಸ ಮಾಲು ಬರುತ್ತಿದ್ದರೆ ಗಿರಾಕಿಯೂ ಮತ್ತೆ ಮತ್ತೆ ಬರುತ್ತಾನೆ. ಇವತ್ತು ಕೊಳ್ಳದಿದ್ದರೆ ಮುಂದಿನ ವಾರ ಇದು ಸಿಗಲಾರದು ಎಂಬ ಆತುರ ಅವನಲ್ಲಿ ಹುಟ್ಟುತ್ತದೆ. ಬೆಲೆ ಕಡಿಮೆಯಿದ್ದರೆ ಯೋಚನೆಯೂ ಕಡಿಮೆ. ದೇಶದೇಶಗಳ ನಡುವಿನ ಜವಳಿ ರಫ್ತಿಗೆ ಮಿತಿ ಹಾಕಿದ್ದ ಬಹುತಂತು ಒಪ್ಪಂದದ ವ್ಯವಸ್ಥೆ 2005ರ ಜನವರಿ 1ರಂದು ಕೊನೆಗೊಂಡ ಮೇಲೆ, ಕೂಲಿ ಅಗ್ಗವಾಗಿರುವ ಕಡೆಗೆ ಹೊಲಿಗೆಯ ಕೆಲಸ ಇನ್ನಷ್ಟು ಸುಲಭವಾಗಿ ಹರಿಯಿತು. ಪಾಲಿಯೆಸ್ಟರ್ ಎಂಬ ಪೆಟ್ರೋಲಿಯಂ ಮೂಲದ ನೂಲು ಈ ಅಗ್ಗದ ಬೆಲೆಗೆ ಬೆಂಬಲವಾಯಿತು. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ.

ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಹೊರತಂದ ವರದಿಯ ಪ್ರಕಾರ, 2000ದಿಂದ 2015ರವರೆಗಿನ ಅವಧಿಯಲ್ಲಿ ಜಗತ್ತಿನ ಉಡುಪು ಉತ್ಪಾದನೆ ಸುಮಾರು ಇಮ್ಮಡಿಯಾಯಿತು. ಅದೇ ಅವಧಿಯಲ್ಲಿ ಒಂದು ಉಡುಪನ್ನು ಬಿಟ್ಟುಬಿಡುವ ಮುನ್ನ ಎಷ್ಟು ಸಲ ತೊಡುತ್ತಾರೆ ಎಂಬ ಸಂಖ್ಯೆ ಶೇ. 36ರಷ್ಟು ಇಳಿಯಿತು. ಅಂದರೆ ಹಿಂದೆ ನೂರು ಸಲ ತೊಡುತ್ತಿದ್ದ ಅಂಗಿಯನ್ನು ಈಗ 64 ಸಲ ತೊಟ್ಟು ಮೂಲೆಗೆ ಹಾಕುತ್ತಾರೆ ಎಂದಾಯಿತು. ಅಂಗಿ ಹರಿಯುವ ವೇಗ ಹೆಚ್ಚಾದದ್ದಕ್ಕಿಂತ ನಮಗೆ ಬೇಸರ ಬರುವ ವೇಗ ಹೆಚ್ಚಾಯಿತು.

ಈ ವೇಗದ ಭಾರ ಹೊಲಿಯುವವರ ಮೇಲೂ ಬೀಳುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,130ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳ ಕೆಲಸಗಾರರನ್ನು ಮಾತ್ರ ಕೆಲಸಕ್ಕೆ ಕರೆಸಲಾಯಿತು. ನಮ್ಮ ಬೆಂಗಳೂರು ಕೂಡ ಸಿದ್ಧ ಉಡುಪಿನ ದೊಡ್ಡ ಕೇಂದ್ರ. ಇಲ್ಲಿನ ಕಾರ್ಖಾನೆಯ ಒಂದು ಲೈನಿನಲ್ಲಿ ಒಬ್ಬಾಕೆ ಕಾಲರ್ ಕೂರಿಸಿದರೆ ಇನ್ನೊಬ್ಬಾಕೆ ತೋಳು ಸೇರಿಸುತ್ತಾಳೆ, ಮತ್ತೊಬ್ಬಾಕೆ ಕಾಜಾ ಮಾಡುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕ ಎಲ್ಲರ ತಲೆಯ ಮೇಲಿರುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ಹೆದ್ದಾರಿಗಳಿಗಿಳಿದರು. ಎರಡು ದಿನಗಳೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರ ಪಾಲಿಗೆ ಆ ಹಣ ಎಷ್ಟು ಮುಖ್ಯವಾದ ಉಳಿತಾಯ ಎಂಬುದು ಅಂದು ಊರಿಗೆಲ್ಲ ತಿಳಿಯಿತು. ನಾವು ನೂರಿನ್ನೂರು ರೂಪಾಯಿಗೆ ಕೊಂಡು ಹತ್ತು ಸಲ ತೊಟ್ಟು ಬಿಡುವ ಅಂಗಿಯಲ್ಲಿ ಇಂಥವರ ದಿನಗಳು ಸೇರಿರುತ್ತವೆ.

ಬಿಟ್ಟ ಬಟ್ಟೆ ಹೋಗುವ ದಾರಿ

ಯೂರೋಪ್, ಅಮೆರಿಕಗಳಲ್ಲಿ ಜನ ಬೇಡವಾದ ಬಟ್ಟೆಯನ್ನು ದಾನದ ಪೆಟ್ಟಿಗೆಗೆ ಹಾಕುತ್ತಾರೆ. ಅದರಲ್ಲಿ ಸ್ವಲ್ಪ ಪಾಲು ಅಲ್ಲಿಯೇ ಮಾರಾಟವಾಗುತ್ತದೆ. ಬಹಳಷ್ಟನ್ನು ವಿಂಗಡಿಸಿ, ಯಂತ್ರದಿಂದ ಒತ್ತಿ, ಮೂಟೆ ಕಟ್ಟಿ ಹಡಗಿಗೆ ಏರಿಸುತ್ತಾರೆ. ದಾನವೆಂದು ಹೊರಟದ್ದು ಬಂದರು ಮುಟ್ಟುವಷ್ಟರಲ್ಲಿ ವ್ಯಾಪಾರದ ಸರಕಾಗಿರುತ್ತದೆ.

ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೊ ಎಂಬ ಮಾರುಕಟ್ಟೆಯಿದೆ. ವಾರಕ್ಕೆ ಸುಮಾರು 1.5 ಕೋಟಿ ಹಳೆಯ ಉಡುಪುಗಳು ಅಲ್ಲಿಗೆ ಬರುತ್ತವೆ ಎಂದು ಅಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ ಅಂದಾಜು ಮಾಡಿದೆ. ವ್ಯಾಪಾರಿ ಸುಮಾರು 55 ಕಿಲೋ ತೂಕದ ಮೂಟೆಯನ್ನು ಬಿಚ್ಚಿ ನೋಡದೆ ಕೊಳ್ಳಬೇಕು. ಒಳಗೆ ಒಳ್ಳೆಯ ಮಾಲಿದ್ದರೆ ಲಾಭ. ಕಲೆಯಾದ, ಹರಿದ ಬಟ್ಟೆಯಿದ್ದರೆ ಸಾಲ. ಈ ಮೂಟೆಗಳನ್ನು ಇಕ್ಕಟ್ಟಾದ ಓಣಿಗಳಲ್ಲಿ ತಲೆಯ ಮೇಲೆ ಹೊರುವವರು ದೇಶದ ಉತ್ತರ ಭಾಗದಿಂದ ಕೂಲಿಗೆ ಬಂದ ಯುವತಿಯರು. ಹಳೆಯ ಬಟ್ಟೆಗೆ ಅಲ್ಲಿನ ಅಕಾನ್ ಭಾಷೆಯಲ್ಲಿ ‘ಒಬ್ರೋನಿ ವಾವು’ ಎನ್ನುತ್ತಾರೆ. ‘ಸತ್ತ ಬಿಳಿಯನ ಬಟ್ಟೆ’ ಎಂದು ಅದರ ಅರ್ಥ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವರು ಯಾರಾದರೂ ಬಿಟ್ಟಾರೆಯೇ, ಉಟ್ಟವನು ಸತ್ತಿರಬೇಕು ಎಂಬ ಊಹೆ ಆ ಮಾತಿನ ಹಿಂದಿದೆ. 2025ರ ಜನವರಿಯ ಆರಂಭದಲ್ಲಿ ಭಾರಿ ಬೆಂಕಿ ಬಿದ್ದು ಈ ಮಾರುಕಟ್ಟೆಯ ಬಹುಭಾಗ ಸುಟ್ಟಿತು. ವ್ಯಾಪಾರಿಗಳು ಅದನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇಕೀಕೆ ಎಂಬ ಸುಂಕಮುಕ್ತ ಬಂದರಿದೆ. 2021ರ ವರದಿಗಳ ಪ್ರಕಾರ ವರ್ಷಕ್ಕೆ ಸುಮಾರು 59,000 ಟನ್ ಉಡುಪು ಅಲ್ಲಿಗೆ ಬರುತ್ತಿತ್ತು. ಮಾರಾಟವಾಗದ ಸುಮಾರು 39,000 ಟನ್ ಪಕ್ಕದ ಅಟಕಾಮಾ ಮರುಭೂಮಿಯ ಪಾಲಾಗುತ್ತಿತ್ತು. ಮಳೆಯೇ ಅಪರೂಪವಾದ ಆ ನೆಲದಲ್ಲಿ ಬಟ್ಟೆ ಬೇಗ ಕೊಳೆಯುವುದಿಲ್ಲ. 2022ರ ಜೂನ್‌ನಲ್ಲಿ ಅಂಥ ದೊಡ್ಡ ರಾಶಿಯೊಂದಕ್ಕೆ ಬೆಂಕಿ ಬಿದ್ದು ವಿಷಕಾರಿ ಹೊಗೆ ಎದ್ದಿತು.

ಬಟ್ಟೆಯನ್ನು ಕರಗಿಸಿ ಮತ್ತೆ ಬಟ್ಟೆ ಮಾಡಬಾರದೇ ಎಂದು ನೀವು ಕೇಳಬಹುದು. ಲೋಹ, ಗಾಜುಗಳಷ್ಟು ಅದು ಸುಲಭವಲ್ಲ. ಹತ್ತಿಯ ಬಟ್ಟೆಯನ್ನು ಯಂತ್ರದಲ್ಲಿ ಸೀಳಿದಾಗ ಎಳೆಗಳು ತುಂಡಾಗಿ ಗಿಡ್ಡವಾಗುತ್ತವೆ. ಗಿಡ್ಡ ಎಳೆಯಿಂದ ಗಟ್ಟಿ ನೂಲು ಬಾರದು. ಈಗಿನ ಉಡುಪುಗಳಲ್ಲಿ ಹತ್ತಿ, ಪಾಲಿಯೆಸ್ಟರ್, ಹಿಗ್ಗುವ ಎಲಾಸ್ಟೇನ್ ಎಳೆಗಳು ಬೆರೆತಿರುತ್ತವೆ. ಅವುಗಳನ್ನು ಬೇರ್ಪಡಿಸುವುದು ಕಷ್ಟ. ಗುಂಡಿ, ಜಿಪ್, ರಬ್ಬರ್ ಮುದ್ರಣ ಇವೂ ಅಡ್ಡಿಗಳೇ. ಹೀಗಾಗಿ, ಮೇಲೆ ಹೇಳಿದ 2017ರ ವರದಿಯಂತೆ, ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಹೊಸ ಉಡುಪಾಗುವುದು ಶೇ. 1ಕ್ಕಿಂತ ಕಡಿಮೆ. ಉಣ್ಣೆಯ ಚಿಂದಿಯನ್ನು ಸೀಳಿ ‘ಶಾಡಿ’ ಎಂಬ ನೂಲು ಮಾಡುವ ವಿಧಾನ ಇಂಗ್ಲೆಂಡಿನ ಬ್ಯಾಟ್ಲಿ ಪಟ್ಟಣದಲ್ಲಿ 1813ರಲ್ಲಿಯೇ ಹುಟ್ಟಿತು. ಹರಿಯಾಣದ ಪಾಣಿಪತ್ ಇಂದು ಆ ಉದ್ಯಮದ ದೊಡ್ಡ ಕೇಂದ್ರ. ವಿದೇಶದ ಹಳೆಯ ಸ್ವೆಟರು, ಕೋಟುಗಳನ್ನು ಅಲ್ಲಿ ಬಣ್ಣದ ಪ್ರಕಾರ ವಿಂಗಡಿಸಿ, ಸೀಳಿ, ನೂತು, ಅಗ್ಗದ ಕಂಬಳಿಗಳನ್ನು ನೇಯುತ್ತಾರೆ. ನೆರೆ, ಭೂಕಂಪಗಳ ಪರಿಹಾರ ಶಿಬಿರಗಳಿಗೆ ಇಂಥ ಕಂಬಳಿಗಳು ಹೋಗುತ್ತವೆ. ಇದು ಉಪಯುಕ್ತ ಕೆಲಸ. ಆದರೂ ಕೋಟು ಮತ್ತೆ ಕೋಟಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಹೊಲಿಗೆಯನ್ನು ಮರೆಮಾಡದ ಕಲೆ

ಬಂದ ರಾಶಿಯ ಮುಂದೆ ಕಲಾವಿದರು ಏನು ಮಾಡಿದರು ಎಂಬುದನ್ನು ಈಗ ನೋಡೋಣ.

ಮಾಲಿ ದೇಶದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಲಾಮಿನ್ ಕುಯಾಟೆ 1991ರಲ್ಲಿ ‘ಝೂಲಿ ಬೆಟ್’ ಎಂಬ ಹೆಸರಿನಲ್ಲಿ ಉಡುಪು ತಯಾರಿಸತೊಡಗಿದರು. ಹಳೆಯ ಬಟ್ಟೆಯ ಸಂತೆಯಲ್ಲಿ ಸಿಕ್ಕ ಸ್ವೆಟರು, ಕಾಲುಚೀಲಗಳನ್ನು ಕತ್ತರಿಸಿ ಕೂಡಿಸಿದರು. ಕೂಡಿಸಿದ ಕಡೆ ದಪ್ಪನೆಯ ಕೆಂಪು ದಾರದ ಹೊಲಿಗೆ ಹೊರಗೇ ಕಾಣುವಂತೆ ಬಿಟ್ಟರು. ಸಾಮಾನ್ಯವಾಗಿ ಹೊಲಿಗೆ ಒಳಗಿರಬೇಕು, ಹೊರಗೆ ನಯವಾಗಿರಬೇಕು ಎನ್ನುತ್ತೇವೆ. ಕುಯಾಟೆಯವರ ಕೆಂಪು ಹೊಲಿಗೆ ಆ ನಿಯಮವನ್ನು ಮುರಿದು, ಇದನ್ನು ಯಾರೋ ಕತ್ತರಿಸಿದ್ದಾರೆ, ಯಾರೋ ಜೋಡಿಸಿದ್ದಾರೆ ಎಂದು ನೋಡುಗನಿಗೆ ತಿಳಿಸಿತು. ಅದೇ ಕಾಲದಲ್ಲಿ ಬೆಲ್ಜಿಯಂನ ಮಾರ್ಟಿನ್ ಮಾರ್ಜಿಯೆಲಾ ಸೈನ್ಯದ ಹಳೆಯ ಕಾಲುಚೀಲಗಳನ್ನು ಬಿಚ್ಚಿ ಸ್ವೆಟರು ಮಾಡಿದರು. ಕಾಲುಚೀಲದ ಹಿಮ್ಮಡಿಯ ಉಬ್ಬು ಸ್ವೆಟರಿನ ಎದೆ, ಮೊಣಕೈಗಳ ಉಬ್ಬಾಗಿ ಕೂತಿತು.

ಪೂರ್ವ ಆಫ್ರಿಕಾದ ಉಗಾಂಡಾದ ಉದಾಹರಣೆ ಇನ್ನೂ ತೀಕ್ಷ್ಣವಾದುದು. ಉಗಾಂಡಾ ಹತ್ತಿ ಬೆಳೆಯುವ ದೇಶ. ಆದರೆ ಆ ಹತ್ತಿಯ ಬಹುಪಾಲು ನೂಲಾಗದೆಯೇ ರಫ್ತಾಗುತ್ತದೆ. ಜನ ತೊಡುವುದು ಹೆಚ್ಚಾಗಿ ವಿದೇಶದಿಂದ ಬಂದ ಹಳೆಯ ಉಡುಪು. ಇಷ್ಟು ಅಗ್ಗದ ಸರಕಿನೊಡನೆ ಸ್ಥಳೀಯ ಗಿರಣಿಗಳು ಸ್ಪರ್ಧಿಸುವುದು ಕಷ್ಟ. 2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ದೇಶಗಳು ಹಳೆಯ ಉಡುಪಿನ ಆಮದನ್ನು ಕ್ರಮೇಣ ನಿಲ್ಲಿಸಲು ತೀರ್ಮಾನಿಸಿದವು. ಅಮೆರಿಕ ತನ್ನ ವ್ಯಾಪಾರ ರಿಯಾಯಿತಿಗಳನ್ನು ಹಿಂಪಡೆಯುವ ಎಚ್ಚರಿಕೆ ನೀಡಿತು. ಉಗಾಂಡಾ, ಕೆನ್ಯಾ, ಟಾಂಜಾನಿಯಾ ಹಿಂದೆ ಸರಿದವು. ಪಟ್ಟು ಬಿಡದ ರುವಾಂಡಾ 2018ರಲ್ಲಿ ಉಡುಪು ರಫ್ತಿನ ರಿಯಾಯಿತಿಯನ್ನು ಕಳೆದುಕೊಂಡಿತು. ಬೇಡದ ಬಟ್ಟೆಯನ್ನು ಬೇಡವೆನ್ನಲು ಕೂಡ ಬಡ ದೇಶಕ್ಕೆ ಸುಲಭವಿರಲಿಲ್ಲ.

ಈ ಹಿನ್ನೆಲೆಯಲ್ಲಿ ಕಂಪಾಲಾ ನಗರದ ವಿನ್ಯಾಸಕಾರ ಬಾಬಿ ಕೊಲಾಡೆ 2022ರಲ್ಲಿ ತಮ್ಮ ‘ಬುಝಿಗಹಿಲ್’ ಸಂಸ್ಥೆಯಿಂದ ಒಂದು ಉಡುಪು ಮಾಲೆಯನ್ನು ಹೊರತಂದರು. ಅದರ ಹೆಸರು ‘ರಿಟರ್ನ್ ಟು ಸೆಂಡರ್’. ವಿಳಾಸದಾರ ಸ್ವೀಕರಿಸದ ಪತ್ರದ ಮೇಲೆ ಅಂಚೆಯವರು ‘ಕಳುಹಿಸಿದವರಿಗೆ ವಾಪಸು’ ಎಂದು ಬರೆಯುತ್ತಾರಲ್ಲವೇ, ಅದೇ ಮಾತು. ಕಂಪಾಲಾದ ಮಾರುಕಟ್ಟೆಯಲ್ಲಿ ಸಿಕ್ಕ ಹಳೆಯ ಉಡುಪುಗಳನ್ನು ಬಿಡಿಸಿ, ಬೇರೆ ಬೇರೆ ಟೀ ಶರ್ಟುಗಳ ತುಂಡುಗಳನ್ನು ಒಂದೇ ಅಂಗಿಯಾಗಿ ಹೊಲಿದು, ಅವು ಬಂದ ಶ್ರೀಮಂತ ದೇಶಗಳಿಗೇ ಬೆಲೆ ಕಟ್ಟಿ ಮಾರುವುದು ಅವರ ಯೋಜನೆ. ಯಾವುದೋ ಊರಿನ ಓಟದ ಸ್ಪರ್ಧೆಯ ಹೆಸರು, ಯಾವುದೋ ಕಂಪನಿಯ ಮುದ್ರೆ ಅರ್ಧಕ್ಕೆ ತುಂಡಾಗಿ ಪಕ್ಕಪಕ್ಕದಲ್ಲಿ ಕೂರಬಹುದು. ಅದನ್ನು ಕೊಂಡು ತೊಟ್ಟವನು ತನ್ನ ದೇಶದವರೇ ಬಿಟ್ಟ ಬಟ್ಟೆಯನ್ನು ಮತ್ತೆ ಹಣ ಕೊಟ್ಟು ತೊಟ್ಟಿರುತ್ತಾನೆ. ಸರ್ಕಾರಗಳು ಹೇಳಲಾಗದ ಮಾತನ್ನು ಒಂದು ಅಂಗಿ ಹೇಳಿತು.

2024ರಲ್ಲಿ ಅಟಕಾಮಾ ಮರುಭೂಮಿಯ ಬಟ್ಟೆಯ ರಾಶಿಯ ನಡುವೆಯೇ ಒಂದು ಫ್ಯಾಷನ್ ಪ್ರದರ್ಶನ ನಡೆಯಿತು. ‘ದೆಸಿಯೆರ್ತೊ ವೆಸ್ತಿದೊ’ ಎಂಬ ಸ್ಥಳೀಯ ಸಂಘಟನೆಯೂ ಬ್ರೆಜಿಲಿನ ಕೆಲವರೂ ಸೇರಿ ಅದನ್ನು ಏರ್ಪಡಿಸಿದ್ದರು. ಆ ಸ್ಪ್ಯಾನಿಷ್ ಹೆಸರಿಗೆ ‘ಬಟ್ಟೆ ತೊಟ್ಟ ಮರುಭೂಮಿ’ ಎಂದರ್ಥ. ಅಲ್ಲಿನ ರಾಶಿಯಿಂದಲೇ ಆರಿಸಿದ ಬಟ್ಟೆಗಳಿಂದ ಬ್ರೆಜಿಲಿನ ಕಲಾವಿದೆ ಮಾಯಾ ರಾಮೋಸ್ ಉಡುಪುಗಳನ್ನು ರಚಿಸಿದರು. ಫ್ಯಾಷನ್ ಪ್ರದರ್ಶನವೆಂದರೆ ಬೆಳಕಿನ ವೇದಿಕೆ ಎಂದು ಭಾವಿಸಿದ್ದವರಿಗೆ ರೂಪದರ್ಶಿಗಳ ಹಿಂದೆ ಕಸದ ರಾಶಿಯೂ ಅದೇ ಚಿತ್ರದಲ್ಲಿ ಕಂಡಿತು. ಇದಕ್ಕೆ ಒಂದು ವರ್ಷ ಮೊದಲು, 2023ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರದೇಶದಲ್ಲಿ ನಡೆದ ಜವಳಿ ಕಲೆಯ ದ್ವೈವಾರ್ಷಿಕ ಪ್ರದರ್ಶನದಲ್ಲಿ ಜೆರೆಮಿ ಹಚಿಸನ್ ಎಂಬ ಕಲಾವಿದ ‘ಡೆಡ್ ವೈಟ್ ಮ್ಯಾನ್’ ಎಂಬ ಕೃತಿಯನ್ನು ಪ್ರಸ್ತುತಪಡಿಸಿದ್ದರು. ಹಳೆಯ ಉಡುಪಿನ ರಾಶಿಯೇ ಎದ್ದು ನಡೆಯುವ ಪ್ರೇತದಂಥ ಆಕೃತಿ ಅದು. ಅಕ್ರಾದ ಮಾರುಕಟ್ಟೆಯ ಮಾತೇ ಅದರ ಶೀರ್ಷಿಕೆ. ಒಂದು ಕಾಲದಲ್ಲಿ ಜಗತ್ತಿಗೆಲ್ಲ, ನಮ್ಮ ದೇಶಕ್ಕೂ ಗಿರಣಿಯ ಬಟ್ಟೆ ಕಳುಹಿಸಿದ ನಾಡಿನಲ್ಲಿ ಅದು ಪ್ರದರ್ಶನಗೊಂಡದ್ದು ಅರ್ಥಪೂರ್ಣವಾಗಿತ್ತು.

ಈ ಕೃತಿಗಳನ್ನು ಒಟ್ಟಿಗೆ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಅಂಗಡಿಯ ಹೊಸ ಉಡುಪು ತನ್ನ ಹಿಂದಿನ ಕತೆಯನ್ನು ಮುಚ್ಚಿಡುತ್ತದೆ. ಯಾರು ಹೊಲಿದರು, ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಮೇಲೆ ಕಾಣುವುದಿಲ್ಲ. ಟೀಕೆಯ ಉದ್ದೇಶದ ಈ ಕಲೆ ಅದೇ ಕತೆಯನ್ನು ಹೊರಗೆ ಎಳೆದು ತೋರಿಸುತ್ತದೆ. ಮೈಮೇಲೆ ತೊಟ್ಟಿರುವುದರಿಂದ ನೋಡುಗನಿಗೆ ಮುಖ ತಿರುಗಿಸುವುದು ಕಷ್ಟವಾಗುತ್ತದೆ. ರಾಶಿಯಲ್ಲಿ ಬಿದ್ದ ಬಟ್ಟೆ ಕಸವಾಗಿ ಕಂಡರೆ, ಮೈಮೇಲೆ ನಿಂತ ಬಟ್ಟೆ ಯಾರದೋ ಉಡುಪಾಗಿ ಕಾಣುತ್ತದೆ.

ಕಂಥೆ ಮತ್ತು ಕೌದಿ

ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ತೊಡುವುದು ನಮ್ಮ ನಾಡಿಗೆ ಹೊಸದಲ್ಲ. ವಿರಕ್ತರು ತೊಡುವ ತೇಪೆಯ ಹೊದಿಕೆಗೆ ‘ಕಂಥೆ’ ಎಂಬ ಹೆಸರೇ ಇದೆ. ಬೌದ್ಧ ಭಿಕ್ಷುಗಳು ಜನ ಬಿಸುಟ ಬಟ್ಟೆಯ ತುಂಡುಗಳನ್ನು ಆಯ್ದು ಚೀವರ ಮಾಡಿಕೊಳ್ಳುತ್ತಿದ್ದರು. ಅದನ್ನು ‘ಪಾಂಸುಕೂಲ’ ಎನ್ನುತ್ತಿದ್ದರು. ಮಗಧ ದೇಶದ ಗದ್ದೆಯ ಬದುಗಳ ಮಾದರಿಯಲ್ಲಿ ಚೀವರದ ತುಂಡುಗಳನ್ನು ಜೋಡಿಸುವ ಕ್ರಮವನ್ನು ಆನಂದ ರೂಪಿಸಿದನೆಂದು ವಿನಯಪಿಟಕ ಹೇಳುತ್ತದೆ. ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ರಾಣಿಯರು ಆನಂದನಿಗೆ 500 ವಸ್ತ್ರಗಳನ್ನು ದಾನ ಮಾಡಿದರು. ಇಷ್ಟನ್ನು ಏನು ಮಾಡುತ್ತೀರಿ ಎಂದು ರಾಜ ಕೇಳಿದ. ಚೀವರ ಹಳತಾದ ಭಿಕ್ಷುಗಳಿಗೆ ಹಂಚುತ್ತೇವೆ ಎಂದ ಆನಂದ. ಹಳೆಯ ಚೀವರವನ್ನೋ? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆಯನ್ನೋ? ಹೀಗೆ ಪ್ರಶ್ನೆ ಮುಂದುವರಿದು, ಕಾಲೊರಸು, ಧೂಳೊರಸುವ ಬಟ್ಟೆ ಎಂದು ಇಳಿಯುತ್ತ, ಕಡೆಗೆ ಚಿಂದಿಯನ್ನು ಮಣ್ಣಿನೊಡನೆ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂಬಲ್ಲಿಗೆ ನಿಲ್ಲುತ್ತದೆ. ಒಂದು ಬಟ್ಟೆಯ ಪೂರ್ಣಾಯುಷ್ಯ ಎಷ್ಟು ದೀರ್ಘವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ಸೀರೆ, ಅಜ್ಜನ ಧೋತರ, ಮಕ್ಕಳ ಲಂಗಗಳ ತುಂಡುಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ‘ಕವಂದಿ’ಯ ಕ್ರಮ ಇನ್ನೂ ವಿಶಿಷ್ಟವಾದುದು. ಅವರು ಹೊರಗಿನ ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫುಲಾ’, ಅಂದರೆ ಹೂವು, ಇಟ್ಟ ಮೇಲೆಯೇ ಕವಂದಿ ಪೂರ್ಣವಾದಂತೆ. ಅಲ್ಲಿಯೂ ಹೊಲಿಗೆಯನ್ನು ಮರೆಮಾಡುವುದಿಲ್ಲ. ಸಾಲು ಸಾಲು ಹೊಲಿಗೆಯೇ ಅದರ ಸೊಗಸು.

ಆದರೆ ಕೌದಿಗೂ ಮೇಲೆ ಹೇಳಿದ ಕಲೆಗೂ ವ್ಯತ್ಯಾಸವಿದೆ. ಕೌದಿ ಹೊಲಿಯುವಾಕೆ ಯಾರನ್ನೂ ಟೀಕಿಸಲು ಹೊರಟವಳಲ್ಲ. ಬಟ್ಟೆ ಹರಿಯುವವರೆಗೂ ತೊಡುವುದು, ಹರಿದ ಮೇಲೆ ಕೂಡಿಸುವುದು ಅವಳ ಬಾಳಿನ ಸಹಜ ಕ್ರಮ. ಆ ಕ್ರಮ ಮುರಿದುಬಿದ್ದ ಕಡೆ ಟೀಕೆ ಬೇಕಾಯಿತು. ನಮ್ಮಲ್ಲಿಯೂ ಅದು ಮುರಿಯುತ್ತಿದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸಂಗ್ರಹವಾಗುತ್ತದೆ. ಅದರಲ್ಲಿ ವಿದೇಶದಿಂದ ಬಂದದ್ದು ಶೇ. 7 ಮಾತ್ರ. ಕಾರ್ಖಾನೆಗಳ ತುಂಡು, ನೂಲುಗಳು ಶೇ. 42. ಮಿಕ್ಕ ಶೇ. 51 ನಮ್ಮ ನಮ್ಮ ಮನೆಗಳಿಂದ ಹೊರಬಿದ್ದದ್ದು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿಬೀದಿ ತಿರುಗುವ ಹೆಂಗಸರು, ಚಿಂದಿ ಆಯುವವರು ಈ ರಾಶಿಯ ಬಹುಭಾಗವನ್ನು ವಿಲೇವಾರಿ ಮಾಡುತ್ತಾರೆಂಬುದನ್ನು ನಾವು ನೆನೆಯುವುದು ಅಪರೂಪ.

ಈ ಕಲೆಯ ಮಿತಿ

ಕಲೆಯಿಂದ ರಾಶಿ ಕರಗಿತೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಒಬ್ಬ ವಿನ್ಯಾಸಕಾರ ವರ್ಷವಿಡೀ ಹೊಲಿದರೂ ಒಂದೇ ಹಡಗಿನ ಮೂಟೆಗಳು ಮುಗಿಯಲಾರವು. ಕೈಕೆಲಸದ ಉಡುಪಿನ ಬೆಲೆಯೂ ಹೆಚ್ಚು. ಅದು ಬಡವನ ಕೈಗೆ ಎಟುಕುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕೋಟ್ಯಂತರ ಉಡುಪು ಮಾರುವ ಕಂಪನಿಯೊಂದು ಹಳೆಯ ಬಟ್ಟೆಯಿಂದ ಮಾಡಿದ ಐವತ್ತು ಅಂಗಿಗಳನ್ನು ಪ್ರದರ್ಶಿಸಿ, ತಾನು ಪರಿಸರದ ಮಿತ್ರನೆಂದು ಹೇಳಿಕೊಳ್ಳಬಹುದು. ಆಗ ಟೀಕೆಯೇ ಜಾಹೀರಾತಾಗುತ್ತದೆ.

ಆದ್ದರಿಂದ ಕಲೆಯೊಂದಿಗೆ ನಿಯಮಗಳೂ ಬೇಕು. ಯೂರೋಪ್ ಒಕ್ಕೂಟದ ದೇಶಗಳಲ್ಲಿ 2025ರ ಜನವರಿಯಿಂದ ಜವಳಿ ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ. ಉಡುಪನ್ನು ತಯಾರಿಸಿ ಮಾರಿದವರೇ ಅದರ ವಿಲೇವಾರಿಯ ವೆಚ್ಚವನ್ನೂ ಹೊರಬೇಕೆಂಬ ವಾದ ಹಲವೆಡೆ ಬಲಗೊಳ್ಳುತ್ತಿದೆ. ಕಾಂಟಮಾಂಟೊದ ವ್ಯಾಪಾರಿಗಳು, ಹಮಾಲಿ ಯುವತಿಯರು ಆ ವೆಚ್ಚವನ್ನು ಈಗಾಗಲೇ ತಮ್ಮ ಸಾಲದಲ್ಲಿ, ತಮ್ಮ ಕುತ್ತಿಗೆಯ ನೋವಿನಲ್ಲಿ ತೆರುತ್ತಿದ್ದಾರೆ. ವೆಚ್ಚ ಇದೆ ಎಂಬುದನ್ನು ಕಣ್ಣಿಗೆ ಕಾಣಿಸುವುದು ಕಲೆಯ ಕೆಲಸ. ಅದನ್ನು ಯಾರು ಹೊರಬೇಕೆಂದು ನಿರ್ಧರಿಸುವುದು ನಾಗರಿಕರ ಮತ್ತು ಸರ್ಕಾರಗಳ ಕೆಲಸ.

ನೀವು ಮಾಡುವುದಾದರೆ

ಮುಂದಿನ ವಾರ್ಷಿಕೋತ್ಸವಕ್ಕೆ ನಿಮ್ಮ ಕಾಲೇಜಿನಲ್ಲಿ ಇಂಥ ಉಡುಪು ಮಾಡುವ ಯೋಚನೆಯಿದ್ದರೆ ಕೆಲವು ಸಂಗತಿಗಳನ್ನು ಗಮನದಲ್ಲಿಡಿ. ಅದಕ್ಕಾಗಿ ಹೊಸ ಬಟ್ಟೆ, ಹೊಸ ಮಿಣುಕು ಕಾಗದ ಕೊಳ್ಳಬೇಡಿ. ಇನ್ನೊಬ್ಬರು ತೊಡಬಹುದಾದ ಒಳ್ಳೆಯ ಅಂಗಿಯನ್ನು ಕತ್ತರಿಸಬೇಡಿ, ಅದನ್ನು ತೊಡುವವರಿಗೆ ಕೊಡಿ. ಹರಿದದ್ದು, ಕಲೆಯಾದದ್ದು, ದರ್ಜಿಯ ಅಂಗಡಿಯಲ್ಲಿ ಉಳಿದದ್ದು ನಿಮ್ಮ ಸಾಮಗ್ರಿಯಾಗಲಿ. ಮೂಲ ಉಡುಪಿನ ಲೇಬಲ್‌ಗಳನ್ನು ಕಿತ್ತು ಹಾಕದೆ ಹೊರಗೆ ಕಾಣುವಂತೆ ಹೊಲಿಯಿರಿ. ಪಕ್ಕದಲ್ಲಿ ಒಂದು ಚೀಟಿ ಇಟ್ಟು, ಯಾವ ತುಂಡು ಯಾರ ಮನೆಯದು, ಎಷ್ಟು ವರ್ಷ ತೊಟ್ಟದ್ದು, ಏಕೆ ಬಿಟ್ಟದ್ದು ಎಂದು ಬರೆಯಿರಿ. ಹೊಲಿದುಕೊಟ್ಟವರು ಓಣಿಯ ಟೈಲರ್ ಆಗಿದ್ದರೆ, ಅವರು ಒಪ್ಪಿದಲ್ಲಿ ಅವರ ಹೆಸರನ್ನೂ ಬರೆಯಿರಿ. ಹೀಗೆ ಮಾಡಿದಾಗ ನಿಮ್ಮ ಉಡುಪು ಕೈಚಳಕದ ಜೊತೆಗೆ ಒಂದು ದಾಖಲೆಯೂ ಆಗುತ್ತದೆ.

ಅದಕ್ಕೂ ಮುಂಚೆ ಮನೆಯಲ್ಲಿ ಒಂದು ಸಣ್ಣ ಅಭ್ಯಾಸ ಮಾಡಬಹುದು. ನಿಮ್ಮ ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು ಒಂದು ಪುಸ್ತಕದಲ್ಲಿ ಪಟ್ಟಿ ಮಾಡಿ. ಲೇಬಲ್ ನೋಡಿ, ಎಲ್ಲಿ ತಯಾರಾದದ್ದು, ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಬರೆದುಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ತೊಟ್ಟಿರಿ ಎಂಬುದನ್ನು ನೆನಪು ಮಾಡಿಕೊಂಡು ಪ್ರತಿಯೊಂದರ ಮುಂದೆ ಗುರುತಿಸಿ. ಅಜ್ಜಿಯೋ ತಾಯಿಯೋ ಹತ್ತಿರವಿದ್ದರೆ, ಅವರು ನಿಮ್ಮ ವಯಸ್ಸಿನಲ್ಲಿದ್ದಾಗ ಎಷ್ಟು ಜೊತೆ ಬಟ್ಟೆಯಿತ್ತು, ಹರಿದಾಗ ಏನು ಮಾಡುತ್ತಿದ್ದರು ಎಂದು ಕೇಳಿ, ಆ ಉತ್ತರವನ್ನೂ ಅದೇ ಪುಟದಲ್ಲಿ ಬರೆದಿಡಿ. ಗುಂಡಿ ಹೊಲಿಯಲು, ಬಿಚ್ಚಿದ ಅಂಚು ಮಡಿಸಿ ಹೊಲಿಯಲು ಬಾರದಿದ್ದರೆ ಅದೇ ದಿನ ಅವರಿಂದ ಕಲಿತುಕೊಳ್ಳಿ. ಅರ್ಧ ಗಂಟೆಯ ಕೆಲಸ.